ಈರಮ್ಮಕ್ಕನ ಹೆಬ್ಬೆರಳು

ಇದನ್ನು ಬರೆಯದೇ ಬಿಡೋಣ ಎಂದುಕೊಂಡಿದ್ದೆ, ಗೆಳೆಯರೇ. ಇಂದು ಬೆಳಿಗ್ಗೆ ನಾನು ಪಕ್ಕದ ಮನೆಯವರ ಕಾಲಿಗೆ ಸೊಂಟ ಕೊಟ್ಟೆ.

ಒದ್ದೆ ಬಟ್ಟೆಯ ಬಕೆಟ್ ಎತ್ತಲು ಬಗ್ಗಿದೆ, ಹಳೆಯ ಡಿಸ್ಕ್ ನೋವು ಹಿಡಿದುಕೊಂಡಿತು. ಡಾಕ್ಟರು ಹೇಳಿಕೊಟ್ಟಂತೆ ನೆಲದ ಮೇಲೆ ಅಂಗಾತ ಮಲಗಿ, ಕುರ್ಚಿಯ ಮೇಲೆ ಕಾಲಿಟ್ಟು ನಿಧಾನವಾಗಿ ಉಸಿರಾಡುತ್ತಿದ್ದೆ. ಅಷ್ಟರಲ್ಲಿ ಅತ್ತೆ ಪಕ್ಕದ ಮನೆಯ ಈರಮ್ಮಕ್ಕನನ್ನು ಕರೆತಂದರು. ಈರಮ್ಮಕ್ಕ ಹುಟ್ಟುವಾಗ ಕಾಲು ಮೊದಲು ಬಂದಿತ್ತಂತೆ. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ಇಲ್ಲಿ ನಂಬಿಕೆ.

"ಬೋರಲು ಮಲ್ಕೋ ಯವ್ವಾ. ಹತ್ತಿ ಮಾರ್ಕೆಟ್ಟಿನ ಹಮಾಲ್ರೆಲ್ಲ ನನ್ ಕಡೇನ ಒದಿಸ್ಕೊಂಡು ಹೋಗ್ತಾರ."

"ಅಕ್ಕಾ, ಇದು ಉಳುಕಲ್ರಿ, ಡಿಸ್ಕು. ಒದ್ರ ನರಕ್ಕ ಪೆಟ್ಟಾಗ್ತೈತಿ."

"ಡಿಸ್ಕು ಗಿಸ್ಕು ನನಗ್ಯಾಕ? ಸೊಂಟ ತೋರ್ಸು."

"ಪಾಪ, ಒಲಿ ಮ್ಯಾಲಿನ ಸಾರು ಬಿಟ್ಟು ಬಂದಾರ, ಬ್ಯಾಡ ಅನಬ್ಯಾಡ" ಎಂದರು ಅತ್ತೆ.

ಒದೆಸಿಕೊಂಡರೆ ವಾರಗಟ್ಟಲೆ ಹಾಸಿಗೆ ಹಿಡಿಯಬೇಕಾದೀತು. ಬೇಡವೆಂದರೆ ಅವರ ಮನಸ್ಸು ನೋಯುತ್ತದೆ. ಮೆಲ್ಲಗೆ ಮಗ್ಗುಲಾಗಿ, "ಹೆಬ್ಬೆರಳು ಮುಟ್ಟಿಸ್ರಿ ಸಾಕು" ಎಂದೆ. ಹೂವಿಟ್ಟಷ್ಟು ಮೆತ್ತಗೆ ಮುಟ್ಟಿಸಿದರು. ಬೆರಳು ಬೆಚ್ಚಗಿತ್ತು.

ಮತ್ತೆ ಕುರ್ಚಿಗೆ ಕಾಲಿಟ್ಟು ಮಲಗಿದೆ. ಸ್ವಲ್ಪ ಹೊತ್ತಿಗೆ ನೋವು ಇಳಿದು ಎದ್ದು ಕೂತೆ.

"ನೋಡಿದ್ಯಾ? ಒದ್ದಿದ್ರ ಓಡೇ ಬಿಡ್ತಿದ್ದಿ!" ಎಂದು ಈರಮ್ಮಕ್ಕ ಸಾರು ನೋಡಲು ಹೋದರು.

ಕುರ್ಚಿಯ ಗುಣ ಎಂದು ನಾನೇಕೆ ಹೇಳಲಿಲ್ಲ? ಯೋಚಿಸುತ್ತಲೇ ಇದ್ದೇನೆ. ನೋವಿಲ್ಲದೆ ಯೋಚಿಸುವುದೂ ಒಂದು ಸುಖವೇ.

ನಮ್ಮ ಡಾಕ್ಟರು ನನ್ನ ಪೋಸ್ಟುಗಳನ್ನು ತಪ್ಪದೆ ಓದುತ್ತಾರೆ. ಹಾಗಾಗಿ ಇಂದೇ ಬರೆದಿಟ್ಟರೂ ಹಾಕುವುದು ಸೋಮವಾರ ಸಂಜೆ, ಅವರಿಗೆ ಸೊಂಟ ತೋರಿಸಿಕೊಂಡು ಬಂದ ಮೇಲೆ.