ಮೈಕಣ್ಣನ ಮಗಳ ಮದುವೆ

ಆ ಬೀದಿಯಲ್ಲಿ ಮೂರು ಧರ್ಮದ ಮೂರು ಪ್ರಾರ್ಥನಾಮಂದಿರಗಳಿದ್ದವು. ಮೂರಕ್ಕೂ ಮೈಕ್ ಕಟ್ಟುವವನು ಒಬ್ಬನೇ, ಮೈಕಣ್ಣ. ಯಾವ ದೇವರಿಗೆ ಎಷ್ಟು ಕಿವುಡು ಎನ್ನುವುದು ಅವನಿಗಷ್ಟೇ ಗೊತ್ತು ಎಂದು ಹಿರಿಯರೇ ತಮಾಷೆ ಮಾಡುತ್ತಿದ್ದರು.

ಬೀದಿಗೆ ಒಂದು ಕಟ್ಟುಪಾಡಿತ್ತು. ಯಾವ ಧರ್ಮದವರ ಮನೆಯಲ್ಲೇ ಸಾವಾಗಲಿ, ಹೆಣ ಹೊರಡುವ ತನಕ ಎಲ್ಲ ಮೈಕುಗಳೂ ಬಾಯಿ ಮುಚ್ಚಬೇಕು. ಇದನ್ನು ನೋಡಿಕೊಳ್ಳುತ್ತಿದ್ದವನೂ ಮೈಕಣ್ಣನೇ. ಮೂವತ್ತು ವರ್ಷದಲ್ಲಿ ಎಷ್ಟು ಮದುವೆಗಳ ಹಾಡನ್ನು ನಡುವೆಯೇ ನಿಲ್ಲಿಸಿದ್ದನೋ! ಗೊಣಗಿದವರನ್ನು, "ಸತ್ತೋರ ಮನೆ ಮುಂದೆ ಕುಣೀತೀರಾ? ನಾಚ್ಕೆ ಆಗಲ್ವಾ?" ಎಂದು ಗದರಿಸಿ ತಂತಿ ಕಿತ್ತುಬಿಡುತ್ತಿದ್ದ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಅವನ ಮಗಳ ಮದುವೆಯ ದಿನ ಆದದ್ದೂ ಅದೇ.

ಎದುರುಮನೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಯಜಮಾನರು ತಿಂಗಳಿನಿಂದ ಹಾಸಿಗೆ ಹಿಡಿದಿದ್ದರು. ಅವರ ಧರ್ಮ ಬೇರೆ, ಇವನದು ಬೇರೆ. ಆದರೂ ಅವರ ಹೆಂಡತಿ ಟೀಚರಮ್ಮನನ್ನು ಮೈಕಣ್ಣ ಅಕ್ಕ ಎಂದೇ ಕರೆಯುತ್ತಿದ್ದ. ಮಗಳಿಗೆ ಅಕ್ಷರ ತಿದ್ದಿಸಿದವರೂ ಅವರೇ. ಮದುವೆಯ ಬೆಳಿಗ್ಗೆ ಒಂಬತ್ತಕ್ಕೆ, ವಾಲಿದ್ದ ಮೈಕಿನ ಹಾರ್ನನ್ನು ಬಿಗಿಯಲು ತನ್ನ ಮನೆಯ ತಾರಸಿ ಹತ್ತಿದಾಗ ಅವನ ಕಣ್ಣು ಎದುರಿನ ಕಿಟಕಿಯೊಳಗೆ ಹೋಯಿತು. ಟೀಚರಮ್ಮ ಗಂಡನ ಮುಖದ ಮೇಲೆ ಹೊದಿಕೆ ಎಳೆದು, ಬಾಯಿಗೆ ಬಟ್ಟೆ ತುರುಕಿಕೊಂಡು, ಎದ್ದು ಬಂದು ಕಿಟಕಿ ಹಾಕಿದರು. ಮೇಲಕ್ಕೆ ನೋಡಲಿಲ್ಲ.

ಮದುವೆ ಕೆಡದಿರಲೆಂದು ಆಕೆ ಅಳು ನುಂಗುತ್ತಿದ್ದಾರೆಂದು ಅವನಿಗೆ ತಕ್ಷಣ ತಿಳಿಯಿತು. ಆದರೆ ಮಗಳಿಗೆ ಎರಡು ಸಂಬಂಧ ಮುರಿದು ಮೂರನೆಯದು ಕೂಡಿಬಂದಿತ್ತು. ಸಾವು ಅಪಶಕುನವೆಂದು ಗಂಡಿನವರು ಇವತ್ತು ಎದ್ದುಹೋದರೆ ಮದುವೆ ನಿಂತೇಹೋಯಿತು. ಕೆಳಗಿಳಿದಾಗ ಹೆಂಡತಿ ಕೇಳಿದಳು, "ಯಜಮಾನ್ರು ಹೇಗಿದ್ದಾರಂತೆ?"

"ಮಲಗಿದ್ದಾರೆ," ಎಂದ.

ಹಾಡಿನ ಸದ್ದನ್ನೂ ತಗ್ಗಿಸಲಿಲ್ಲ. ತಗ್ಗಿಸಿದರೆ ಸಾಕು, ಯಾರೋ ಹೋದರೆಂದು ಇಡೀ ಬೀದಿಗೆ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಮಗಳ ಕಾರು ತಿರುವು ದಾಟಿದ ಮೇಲೆ ಎದುರುಮನೆಯ ಬಾಗಿಲು ತೆರೆಯಿತು, ಟೀಚರಮ್ಮನ ಅಳು ಕೇಳಿತು.

ವಾರದ ನಂತರ ಸಂತಾಪ ಸಭೆ. ಮದುವೆಗಾಗಿ ಸಾವನ್ನು ಮುಚ್ಚಿಟ್ಟ ಟೀಚರಮ್ಮನನ್ನು ಮೂರೂ ಮಂದಿರದ ಹಿರಿಯರು ಹೊಗಳಿದ್ದೇ ಹೊಗಳಿದ್ದು. "ನಮ್ಮ ಮೈಕಣ್ಣನಿಗೆ ಗೊತ್ತಾಗಿದ್ರೆ, ಮಗಳ ಮದುವೆ ಅಂತಾನೂ ನೋಡದೆ ತಂತಿ ಕೀಳ್ತಿದ್ದ," ಎಂದರು ಒಬ್ಬರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಮೈಕಣ್ಣ ಚೆನ್ನಾಗಿಯೇ ಇದ್ದ ಮೈಕನ್ನು ಸರಿಮಾಡಲು ಎದ್ದುಹೋದ. ಅಂದಿನಿಂದ ತಾನು ನೀಚ ಎಂದು ತನಗೇ ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಹಗುರಾಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ಆಕೆಯ ಮುಂದೆ ಕೂತ.

"ಅಕ್ಕಾ, ನಂಗೆ ಗೊತ್ತಿತ್ತು. ತಾರಸಿ ಮೇಲಿಂದ ನೋಡ್ದೆ. ಮಗಳ ಮದುವೆ ಆದ್ರೆ ಸಾಕು ಅಂತ ಹಾಡು ನಿಲ್ಲಿಸ್ಲಿಲ್ಲ. ಕ್ಷಮಿಸಿಬಿಡಿ."

ಬಟಾಣಿ ಬಿಡಿಸುತ್ತಿದ್ದ ಟೀಚರಮ್ಮನ ಕೈ ನಿಂತಿತು.

"ಹಾಡು ಯಾಕೋ ನಿಲ್ಲಿಸ್ಬೇಕಿತ್ತು? ಅದು ನಿಲ್ಲಬಾರದು ಅಂತಾನೇ ಅಲ್ವಾ ನಾನು ಕಿಟಕಿ ಹಾಕಿದ್ದು?" ಎಂದರು. ಆಮೇಲೆ ದನಿ ಒಡೆಯಿತು. "ಐದು ಗಂಟೆ ಅವರ ಪಕ್ಕ ಒಬ್ಬಳೇ ಕೂತಿದ್ದೆ ಕಣೋ. ಯಾರಿಗೂ ಗೊತ್ತಿಲ್ಲ, ಯಾರು ಬರ್ತಾರೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ನಿಂಗೆ ಗೊತ್ತಿತ್ತಾ? ಗೊತ್ತಿದ್ದೂ ಹಿತ್ತಲ ಬಾಗಿಲಿಂದ ಐದು ನಿಮಿಷ ಬರೋಕೆ ಆಗ್ಲಿಲ್ವಾ?"

ಮೈಕಣ್ಣ ಅದನ್ನು ಯೋಚಿಸಿಯೇ ಇರಲಿಲ್ಲ.