ಏಳನೆಯ ಮರದ ತಗ್ಗು

ಕಳೆದ ವಾರ ಸಿಂಧನೂರಿನ ಸಂತೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುಂದೆ ನಿಂತಿದ್ದೆ. ಬಿಸಿಲಿಗೆ ಕಾದ ಹೊಸ ಬಕೆಟ್‌ಗಳ ವಾಸನೆ ಮೂಗಿಗೆ ಬಡಿಯಿತು. ಕೊಳ್ಳಬೇಕೆಂದು ಬಂದದ್ದನ್ನು ಮರೆತು ಮನೆಗೆ ಮರಳಿದೆ. ಮರೆವು ನನಗೆ ಹೊಸದಲ್ಲ, ಆದರೆ ಅವತ್ತು ಮರೆತದ್ದಕ್ಕೆ ಕಾರಣ ಬೇರೆ ಇತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗುರುಗುಂಟಾದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಅಲ್ಲಿ ಇಸ್ಮಾಯಿಲ್ ಅಂತ ಡ್ರಿಲ್ ಮಾಸ್ತರರು. ಅವರ ಅಣ್ಣ ಸೌದಿಯಿಂದ ಒಂದು ಕೆಂಪು ಪ್ಲಾಸ್ಟಿಕ್ ತಟ್ಟೆ ತಂದುಕೊಟ್ಟಿದ್ದ. ಉಣ್ಣುವ ತಟ್ಟೆಯಲ್ಲ, ಗಾಳಿಯಲ್ಲಿ ತೇಲಿಸಿ ಒಗೆಯುವುದು. ಪರದೇಶದಲ್ಲಿ ಇದನ್ನು ಕಾಡುಗುಡ್ಡಗಳಲ್ಲಿ ಮರದಿಂದ ಮರಕ್ಕೆ ಒಗೆಯುತ್ತ ಆಡುತ್ತಾರಂತೆ, ಕಡಿಮೆ ಒಗೆತದಲ್ಲಿ ಮುಗಿಸಿದವರು ಗೆದ್ದಂತೆ. ಮಾಸ್ತರರು ಊರ ಹಿಂದಿನ ಗುಡ್ಡದಲ್ಲಿ ಒಂಬತ್ತು ಮರಗಳಿಗೆ ಸುಣ್ಣದ ಪಟ್ಟಿ ಬಳಿದರು. ಶಾಲೆ ಬಿಟ್ಟ ಮೇಲೆ ಬಿಸಿಲು ಇಳಿಯುವವರೆಗೆ ನಮ್ಮ ಆಟ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡೆ ಏರುತ್ತಿದ್ದ ನನ್ನನ್ನು ಕಂಡು ಊರವರು ಏನೆಂದರೋ, ಕೇಳುವ ಧೈರ್ಯ ಮಾಡಲಿಲ್ಲ. ನಾನು ಒಗೆದರೆ ತಟ್ಟೆ ಗುರಿಯಿಟ್ಟ ಮರಕ್ಕೆ ಬಿಟ್ಟು ಕಲ್ಲು, ಪೊದೆ ಎಲ್ಲದಕ್ಕೂ ತಾಗುತ್ತಿತ್ತು.

ಏಳನೆಯದು ಬಸರಿ ಮರ. ಅದು ಬಂಡೆಗಳ ನಡುವಿನ ಆಳವಾದ ತಗ್ಗಿನಲ್ಲಿತ್ತು. ಮೇಲಿನಿಂದ ಒಗೆದರೆ ತಟ್ಟೆ ಎಲೆಗಳ ಹಿಂದೆ ಮರೆಯಾಗುತ್ತಿತ್ತು, ಬಿದ್ದ ಸಪ್ಪಳ ಮಾತ್ರ ಕೇಳುತ್ತಿರಲಿಲ್ಲ. ಇಳಿದು ನೋಡಿದರೆ ಬುಡದ ಚಪ್ಪಟೆ ಕಲ್ಲಿನ ಮೇಲೆ, ಯಾರೋ ಎರಡು ಕೈಯಿಂದ ಇಟ್ಟ ಹಾಗೆ ಕುಳಿತಿರುತ್ತಿತ್ತು. ಮೊದಮೊದಲು ಅದು ನನ್ನ ಕೈಚಳಕವೆಂದೇ ನಂಬಿ ಬೀಗಿದೆ. ಆಮೇಲೆ ಮಾಸ್ತರರ ಒಗೆತವೂ ಅಲ್ಲಿಯೇ ಸಿಗತೊಡಗಿತು. ಒಂದು ದಿನ ಅವರು ಬೇಕೆಂದೇ ಮರವನ್ನು ಬಿಟ್ಟು ತಗ್ಗಿನ ಆಚೆ ಬದಿಗೆ ಒಗೆದರು. ಇಳಿದೆವು. ತಟ್ಟೆ ಕಲ್ಲಿನ ಮೇಲೆಯೇ ಇತ್ತು, ಈ ಸಲ ಅಂಗಾತ. ಒಳಗೆ ಐದಾರು ಬಾರಿಹಣ್ಣು. ಒಂದನ್ನು ಸಣ್ಣ ಹಲ್ಲುಗಳು ಕಚ್ಚಿದ್ದವು, ಕಚ್ಚಿದ ಜಾಗ ಇನ್ನೂ ಹಸಿಯಾಗಿತ್ತು.

ಮಾಸ್ತರರು ಸುತ್ತ ನೋಡಿ, "ಟೀಚರ್, ಮ್ಯಾಲೆ ನಡೀರಿ," ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ತಗ್ಗಿನ ದಂಡೆಯ ಬಂಡೆಯ ಮೇಲೆ ದಿನಾಲು ಒಬ್ಬ ಮುದುಕಿ ಕೂತಿರುತ್ತಿದ್ದಳು. ಈರಮ್ಮ, ಆಡು ಕಾಯುವವಳು. ಅವಳದೇ ಕೆಲಸವಿರಬೇಕೆಂದು ಮೇಲೆ ಬಂದವಳೇ, ಮಾಸ್ತರರ ಎದುರಿಗೇ, ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ನಾ ಹೆಂಗ ಇಳೀಲವ್ವ? ಮೊಣಕಾಲು ಹೋಗಿ ಎರಡು ವರ್ಷ ಆತು," ಎಂದಳು. "ಇಲ್ಲಿಂದ ನೋಡಾಕತ್ತೀನಿ ಅಷ್ಟ."

"ಏನ ನೋಡ್ತಿ?"

"ನನ್ನ ಮಗಳು ದೇವಕ್ಕ, ಆಗ ಏಳು ವರ್ಷದಾಕಿ, ಬಾರಿಹಣ್ಣಿಗಂತ ಆ ತಗ್ಗಿಗೆ ಇಳದಾಕಿ ಏರಿ ಬರಲಿಲ್ಲ. ಊರೆಲ್ಲ ಹುಡುಕೇತಿ. ಮೈಮ್ಯಾಲಿನ ಅರಿಬಿ ಒಂದು ಚೂರು ಸೈತ ಸಿಗಲಿಲ್ಲ." ಅವಳು ಅಳಲಿಲ್ಲ. ಹೇಳಿ ಹೇಳಿ ಸವೆದ ಮಾತಿನ ಹಾಗೆ ಹೇಳಿದಳು. "ಇಷ್ಟು ವರ್ಷ ಸಂಜೀಕ ಆಕಿ ಅಳೂದು ಕೇಳಿಸ್ತಿತ್ತು. ನೀವು ಆಡಾಕ ಹತ್ತಿದ ಮ್ಯಾಲೆ ಬಿಟ್ಟಾಳ. ನಿಲ್ಲಿಸಬ್ಯಾಡ್ರಿ ಯವ್ವಾ."

ಮರುದಿನ ನಾನು ತಲೆನೋವೆಂದೆ. ಅದರ ಮರುದಿನವೂ ಅಂದೆ. ಬೇಸಿಗೆ ರಜೆಯಲ್ಲಿ ಓಡಾಡಿ ಮಸ್ಕಿಗೆ ವರ್ಗ ಮಾಡಿಸಿಕೊಂಡೆ. ಊರಿನ ನೀರು ಒಗ್ಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಹೇಳುತ್ತ ಹೇಳುತ್ತ ನಾನೇ ಅದನ್ನು ನಂಬಿದೆ.

ಸಂತೆಯಿಂದ ಬಂದ ಆ ಸಂಜೆ ಹಳೆಯ ಪರಿಚಯದವರನ್ನು ಕೇಳಿ ಇಸ್ಮಾಯಿಲ್ ಮಾಸ್ತರರ ನಂಬರ್ ಪಡೆದು ಫೋನ್ ಮಾಡಿದೆ. ಹೆಸರು ಹೇಳುವ ಮೊದಲೇ ನನ್ನ ದನಿ ಗುರುತಿಸಿದರು. ಅದೂ ಇದೂ ಮಾತಾಡಿ ಕೊನೆಗೆ ಗುಡ್ಡದ ವಿಷಯ ತೆಗೆದೆ.

"ಆಡಿದೆ ರೀ, ಆರು ವರ್ಷ," ಎಂದರು. "ಬರೇ ಏಳನೇ ಮರಕ್ಕ. ದಿನಾ ಒಂದು ಸಲ ಒಗೀತಿದ್ದೆ, ಇಳದು ತರ್ತಿದ್ದೆ. ಕಲ್ಲಿನ ಮ್ಯಾಲೇ ಇರ್ತಿತ್ತು. ಈರಮ್ಮ ತೀರಿಕೊಂಡ ಮರುದಿನಾನೂ ಹೋಗಿ ಒಗದೆ."

"ಅವತ್ತ?"

"ಬಿದ್ದ ಸಪ್ಪಳ ಕೇಳ್ತು ಟೀಚರ್. ಮುಳ್ಳಿನ ಕಂಟ್ಯಾಗ ಬಿದ್ದಿತ್ತು. ಅಲ್ಲೇ ಬಿಟ್ಟು ಬಂದೆ."

ಆಮೇಲೆ ಅವರು ಮೆಲ್ಲಗೆ ಕೇಳಿದರು. "ನಿಮಗ ಅವತ್ತು ಖರೇನ ತಲಿನೋವಿತ್ತೇನ್ರೀ?"

"ಇಲ್ರೀ. ಅಂಜಿದ್ದೆ."

"ನಾನೂ ಅಂಜಿದ್ದೆ. ದಿನಾ ಅಂಜತಿದ್ದೆ."

"ಮತ್ತ ಯಾಕ ಹೋದ್ರಿ?"

"ಮುದುಕಿ ಕಾಯ್ತಿದ್ದಳಲ್ರೀ," ಎಂದರು.