ಚಕ್ರದ ಬಾಗಿಲ ನಡುಕ

ನನ್ನ ಮೈದುನ ನಮ್ಮ ತೋಟದ ಕಾಫಿ ಸ್ಟೋರಿನಲ್ಲಿ ವಿಮಾನ ಕಟ್ಟಿದ. ಹೀಗೆ ಹೇಳಿದರೆ ಈಗಿನವರು ನಂಬುವುದಿಲ್ಲ, ಆಗಿನವರೂ ನಂಬಿರಲಿಲ್ಲ. ನಂಬದವರೆಲ್ಲ ಬಂದು, ಕಣ್ಣಾರೆ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಆ ನಾಲ್ಕು ವರ್ಷದಲ್ಲಿ ವಿಮಾನಕ್ಕೆ ಸುರಿದ ಪೆಟ್ರೋಲಿಗಿಂತ ನೋಡಲು ಬಂದವರಿಗೆ ನಾನು ಸುರಿದ ಕಾಫಿಯೇ ಹೆಚ್ಚು.

ಅವನು ನಮ್ಮ ಯಜಮಾನರ ಕೊನೇ ತಮ್ಮ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನ ರಿಪೇರಿ ಮಾಡಿ, ನಲವತ್ತು ತುಂಬುವ ಮೊದಲೇ ಪೆನ್ಷನ್ ತೆಗೆದುಕೊಂಡು, ಸಕಲೇಶಪುರದ ಹತ್ತಿರ ಆನೇಮಹಲ್ಲಿನ ಆಚೆ ಇರುವ ನಮ್ಮ ತೋಟಕ್ಕೆ ಬಂದಿದ್ದ. ಎಲ್ಲೋ ಒಂದು ಕ್ಲಬ್ಬಿನಲ್ಲಿ ಹಾರಿಸುವುದನ್ನೂ ಕಲಿತು ಲೈಸೆನ್ಸ್ ಇಟ್ಟುಕೊಂಡಿದ್ದ. ಊರಿಗೆ ಎಸ್‌ಟಿಡಿ ಬೂತು ಬಂದು, ಮೊಬೈಲು ಇನ್ನೂ ಬರದಿದ್ದ ಕಾಲ ಅದು. ಸುತ್ತಮುತ್ತ ಯಾರ ಕಾಫಿ ಹಣ್ಣು ಸುಲಿಯುವ ಪಲ್ಪರ್ ಕೆಟ್ಟರೂ, ಯಾರ ಜೀಪು ಕೆಮ್ಮಿದರೂ ಇವನನ್ನೇ ಕರೆಯುತ್ತಿದ್ದರು. ಹೋಗುತ್ತಿದ್ದ, ಸರಿ ಮಾಡುತ್ತಿದ್ದ, ಆದರೆ ಮುಖದಲ್ಲಿ ಖುಷಿ ಇರುತ್ತಿರಲಿಲ್ಲ. ಒಂದು ದಿನ ಪೋಸ್ಟಿನಲ್ಲಿ ನಕ್ಷೆಗಳ ದೊಡ್ಡ ಸುರುಳಿ ತರಿಸಿ ಊಟದ ಮೇಜಿನ ಮೇಲೆ ಹರಡಿದ. ಎರಡು ಸೀಟಿನ, ಮರದ ಮೈಯ ವಿಮಾನ.

ಯಜಮಾನರು ಸುಮಾರು ಹೊತ್ತು ನೋಡಿ, ಬಿದ್ದರೆ ನಮ್ಮ ತೋಟದೊಳಗೇ ಬೀಳು, ಪಕ್ಕದವರ ತೋಟಕ್ಕೆ ಬಿದ್ದು ಇನ್ನೊಂದು ತಕರಾರು ತರಬೇಡ ಅಂದರು. ಅವರ ಒಪ್ಪಿಗೆ ಯಾವಾಗಲೂ ಇದೇ ರೂಪದಲ್ಲಿ ಬರುವುದು.

ನಾನು ನೋಡಿದ್ದು ಸೀಟುಗಳನ್ನು. ಎರಡೂ ಅಕ್ಕಪಕ್ಕ ಇದ್ದವು. ಮದುವೆಯಾಗಿ ಬಂದಾಗಿನಿಂದ ಯಾವ ಗಾಡಿ ಹತ್ತಿದರೂ ನನಗೆ ಸಿಗುತ್ತಿದ್ದದ್ದು ಹಿಂದಿನ ಜಾಗ. ಜೀಪಿನ ಹಿಂದೆ ಗೊಬ್ಬರದ ಚೀಲ, ಮರಗೆಲಸದ ಸಾಮಾನು, ಒಮ್ಮೊಮ್ಮೆ ಒಂದು ಕುರಿ, ಅವುಗಳ ನಡುವೆ ನಾನು. ಮುಂದಿನ ಗಾಜಿನಲ್ಲಿ ದಾರಿ ಎದುರಾಗಿ ಬರುವುದನ್ನು ಐವತ್ತೊಂದು ವರ್ಷವಾದರೂ ನಾನು ಸರಿಯಾಗಿ ನೋಡಿರಲಿಲ್ಲ. ಈ ವಿಮಾನದಲ್ಲಿ ಹಿಂದೆ ಕೂರಿಸೋಣವೆಂದರೆ ಹಿಂದಿನ ಸೀಟೇ ಇಲ್ಲ.

"ಎರಡ್ನೇ ಸೀಟು ನಂದು ಕಣೋ," ಅಂದೆ.

"ಆಯ್ತು ಅತ್ಗೆ. ನಿಮ್ಮನ್ ಬುಟ್ಟು ಬೇರೆ ಯಾರುನ್ನೂ ಕೂರ್ಸಲ್ಲ," ಅಂದ.

ನಾನು ಸುಮ್ಮನಿರುವ ಹೆಂಗಸಲ್ಲ. ಆ ವಾರವೇ ಮಹಿಳಾ ಸಂಘದಲ್ಲಿ ಹೇಳಿಬಿಟ್ಟೆ. ಆಮೇಲೆ ನಾಲ್ಕು ವರ್ಷ ಪ್ರತಿ ಸಭೆಯಲ್ಲೂ ಒಬ್ಬಳಲ್ಲ ಒಬ್ಬಳು ಕೇಳುವಳು, ಅಕ್ಕಾ, ಹಾರಿದ್ರಾ, ಇಲ್ಲ ಇನ್ನೂ ರೆಕ್ಕೆ ಮೂಡ್ತಾ ಐತಾ ಅಂತ.

ಮರದ ಕೆಲಸಕ್ಕೆ ನಮ್ಮ ಆಚಾರಿ ಬಂದರು. ನಮ್ಮ ಮನೆಯ ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಎಲ್ಲ ಅವರ ಕೈಯವೇ. ಮೈದುನನಿಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಡಿಮೆ. ನಕ್ಷೆಯನ್ನು ಒಂದು ಸಲ ನೋಡಿ ಮಡಚಿಡುವರು, ಆಮೇಲೆ ಕೈಯೇ ನೋಡಿಕೊಳ್ಳುವುದು. ಕೊನೆಯ ವರ್ಷದ ಮೇ ತಿಂಗಳಿನಲ್ಲಿ ಚಕ್ರದ ಬಾಗಿಲುಗಳನ್ನು ಮಾಡಿದರು. ಈ ವಿಮಾನ ಮೇಲೆ ಹೋದ ಮೇಲೆ ಚಕ್ರಗಳು ಮಡಚಿಕೊಂಡು ಹೊಟ್ಟೆಯೊಳಗೆ ಸೇರಿಕೊಳ್ಳುತ್ತವೆ, ಅವುಗಳ ಮೇಲೆ ಎರಡು ಪುಟ್ಟ ಬಾಗಿಲು ಮುಚ್ಚಿಕೊಳ್ಳುತ್ತವೆ. ಒಂದೊಂದೂ ನಮ್ಮ ಮೊರದಷ್ಟು ದೊಡ್ಡದು. ಆಗಸ್ಟಿನಲ್ಲಿ, ಹೊರಗೆ ಮಳೆ ಸುರಿಯುತ್ತಿದ್ದಾಗ, ಮೈದುನ ಅವನ್ನು ಕೂರಿಸಿ ಅಳತೆ ಹಿಡಿದ. ಕೂದಲು ತೂರದ ಹಾಗೆ ಕೂತಿದ್ದವು. ಸಂದು ಸರಿಯಿದೆ ಎಂದು ತನ್ನ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಗೆರೆ ಎಳೆದ.

ಕಾಗದ ಪತ್ರಗಳ ಅಲೆದಾಟವೆಲ್ಲ ಮುಗಿದು, ಜನವರಿಯಲ್ಲಿ ಕಾಫಿ ಮೂಟೆಗಳು ಸ್ಟೋರಿಗೆ ಬರುವ ಹೊತ್ತಿಗೆ ವಿಮಾನ ಲಾರಿ ಹತ್ತಿತು. ನಮ್ಮ ಕಡೆ ಗುಡ್ಡ ಬಿಟ್ಟರೆ ಹಳ್ಳ, ಓಡಿಸಲು ಚಪ್ಪಟೆ ಜಾಗ ಎಲ್ಲಿ? ಕೆ. ಹೊಸಕೋಟೆಯ ಹತ್ತಿರ ನನ್ನ ತವರಿನ ಹೊಲ ಇತ್ತು, ಮೂರು ಫರ್ಲಾಂಗು ಉದ್ದಕ್ಕೆ ಬೀಳು ಬಿದ್ದಿತ್ತು. ಅಣ್ಣ ಕೊಟ್ಟ, ಆದರೆ ಒಂದು ಮಾತಿನ ಮೇಲೆ. ಆ ವರ್ಷ ಹೊಲವನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಮಾತಾಡಿದ್ದ. ಬೇಸಿಗೆಯ ಮೊದಲ ಮಳೆ ಬಿದ್ದು ನೆಲ ನೆಂದರೆ ಅವರ ಟ್ರ್ಯಾಕ್ಟರ್ ಬರುತ್ತದೆ, ಅಲ್ಲಿಗೆ ಹಾರಾಟ ಬಂದ್. ಅಷ್ಟರೊಳಗೆ ಏನು ಹಾರುತ್ತೀರೋ ಹಾರಿಕೊಳ್ಳಿ ಅಂದ.

ಮೊದಲ ಎರಡು ಸಲ ಚಕ್ರ ಮಡಚದೆ ಹಾರಿಸಿದ. ಚೆನ್ನಾಗಿ ಹೋಯಿತು, ಚೆನ್ನಾಗಿ ಬಂತು. ನಾನು ಸೆರಗು ಬಿಗಿದು ನಿಂತಿದ್ದೆ. ಮೂರನೆಯ ಸಲ ಚಕ್ರ ಮಡಚಿ ಒಂದು ಸುತ್ತು ಹೊಡೆದು ಇಳಿದವನ ಮುಖ ಸಪ್ಪಗಿತ್ತು. ವೇಗ ಹೆಚ್ಚಿಸಿದ ಕೂಡಲೇ ಕಾಲ ಕೆಳಗಿನ ಹಲಗೆ ಬುರ್ರೆಂದು ನಡುಗುತ್ತದಂತೆ, ಹಿಮ್ಮಡಿ ಜುಮ್ಮೆನ್ನುತ್ತದಂತೆ. ನಡುಗುತ್ತಿರುವುದು ಚಕ್ರದ ಬಾಗಿಲುಗಳೇ ಎನ್ನುವುದು ಖಾತ್ರಿ. ಹಾಗೇ ಬಿಟ್ಟರೆ ಒಂದಲ್ಲ ಒಂದು ದಿನ ಕೀಲು ಮುರಿದು, ಬಾಗಿಲು ಕಿತ್ತು ಹೋಗಿ ಬಾಲಕ್ಕೆ ಬಡಿಯುತ್ತದೆ.

"ಅದು ನಿಲ್ಲಗಂಟ ಇನ್ನೊಬ್ರನ್ನ ಕೂರ್ಸಕ್ಕಾಗಲ್ಲ ಅತ್ಗೆ," ಅಂದ. ನಾನು ಸೆರಗು ಬಿಚ್ಚಿಕೊಂಡೆ.

ಆಮೇಲೆ ಆರು ವಾರ ಅವನು ಮಾಡದ ಪ್ರಯತ್ನವಿಲ್ಲ. ಕೀಲಿನ ಮೊಳೆ ಬದಲಾಯಿಸಿದ. ಬಾಗಿಲನ್ನು ಎಳೆಯುವ ಸರಳನ್ನು ತೆಗೆದು ಇನ್ನೂ ದಪ್ಪನೆಯದು ಹಾಕಿದ. ಒಳಗಿನಿಂದ ಪಟ್ಟಿ ಹೊಡೆದು ಬಾಗಿಲನ್ನು ಗಟ್ಟಿ ಮಾಡಿದ. ಪ್ರತಿ ಸಲ ಹಾರುವನು, ಇಳಿಯುವನು, ತಲೆ ಅಲ್ಲಾಡಿಸುವನು. ಸಂದು ಏನಾದರೂ ಹೆಚ್ಚಾಗಿದೆಯೇ ಎಂದು ಕೇಳುವಷ್ಟು ವಿದ್ಯೆ ನನಗಿರಲಿಲ್ಲ. ಅವನಿಗಿತ್ತು, ಆದರೆ ನೋಟ್‌ಬುಕ್ಕಿನಲ್ಲಿ ಸರಿಯಿದೆ ಎಂದು ಅವನೇ ಬರೆದು ಗೆರೆ ಎಳೆದಿದ್ದನಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಅವನು ಇಂಜಿನ್ ಸದ್ದು ತಗ್ಗಿಸಿ, ಮೇಲಿನಿಂದ ಜಾರಿಕೊಂಡು ಬಂದು, ನಮ್ಮ ತಲೆಯ ಮೇಲೆಯೇ ಹಾದು ಹೋದ. ಆಗ ಮೊದಲ ಬಾರಿಗೆ ಆ ಸದ್ದು ನನಗೆ ಬಿಡಿಯಾಗಿ ಕೇಳಿತು. ನನಗೆ ಗೊತ್ತಿದ್ದ ಸದ್ದೇ ಅದು. ನಮ್ಮ ಮನೆಯ ಹಿತ್ತಿಲ ಬಾಗಿಲು ಆಷಾಢದಲ್ಲಿ ಒದ್ದರೂ ತೆಗೆಯುವುದಿಲ್ಲ. ಅದೇ ಬಾಗಿಲು ಒಣಗಾಳಿ ಬೀಸುವ ಫೆಬ್ರವರಿ, ಮಾರ್ಚಿನಲ್ಲಿ ಇಡೀ ಮಧ್ಯಾಹ್ನ ಪಟಪಟ ಅಂತಿರುತ್ತದೆ. ಪ್ರತಿ ವರ್ಷ ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ ಸಂದಿಗೆ ತುರುಕುವವಳು ನಾನೇ.

ಮೈದುನನಿಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಆಚಾರಿಯವರು ಏಣಿ ಸರಿ ಮಾಡಲು ಮನೆಗೆ ಬಂದಾಗ, ಕಾಫಿ ಕೊಟ್ಟು, ವಿಮಾನದ ಬಾಗಿಲಿಗೂ ಸಂದು ಬಿಟ್ಟಿದ್ದೀರಾ ಎಂದು ಕೇಳಿದೆ. ಅವರು ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದರು.

"ಬುಡ್ದೆ ಇರಾಕಾಯ್ತದಾ? ಮಳೆಗಾಲ್ದಲ್ಲಿ ಮರ ಉಬ್ಬಾಕಿಲ್ವಾ? ಆ ನಕ್ಷೆ ಬರ್ದೋನು ಸಕ್ಲೇಶ್ಪುರದ್ ಮಳೆ ನೋಡಿಲ್ಲ ಕಣಮ್ಮ."

ಎಂಟಾಣೆ ನಾಣ್ಯದಷ್ಟು ದಪ್ಪ ಬಿಟ್ಟಿದ್ದರಂತೆ. ಈ ಗುಡ್ಡಗಳಲ್ಲಿ ಬಾಗಿಲು ಮಾಡುವ ಯಾವ ಆಚಾರಿಯೂ ಬಿಡುವಷ್ಟೇ. ಮೇ ತಿಂಗಳಲ್ಲಿ ಬಿಟ್ಟ ಸಂದು ಆಗಸ್ಟಿನ ಮಳೆಯಲ್ಲಿ ಮರ ಉಬ್ಬಿ ಮುಚ್ಚಿಕೊಂಡಿತ್ತು, ಮೈದುನ ಅಳೆದಿದ್ದು ಆಗಲೇ. ತೇವ ತಡೆಯುವ ವಾರ್ನಿಷ್ ಅಂಚಿಗೆ ಬಿದ್ದದ್ದು ಮಳೆ ಮುಗಿದು ಚಳಿಗಾಲದಲ್ಲಿ. ಒಣಗಿದ ಮೇಲೆ ಸಂದು ಮತ್ತೆ ಬಾಯಿ ಬಿಟ್ಟಿತ್ತು, ಅದರೊಳಗೆ ಗಾಳಿ ನುಗ್ಗುತ್ತಿತ್ತು.

ನಾನು ಹೇಳಿದ ಮೇಲೆ ಮೈದುನ ಆಚಾರಿಯವರನ್ನೂ ಕರೆದುಕೊಂಡು ಹೊಲಕ್ಕೆ ಓಡಿ ಹೋಗಿ ಅಳತೆ ಹಿಡಿದ. ನಿಜ. ಅಲ್ಲಿಗೆ ಕಷ್ಟ ಮುಗಿಯಿತು ಎಂದುಕೊಂಡರೆ ಅಲ್ಲಿಂದಲೇ ಶುರುವಾಯಿತು. ಹೊಲದಲ್ಲೇ ಇಬ್ಬರಿಗೂ ಜಗಳ ಹತ್ತಿಕೊಂಡಿತು.

"ಇಷ್ಟ್ ಸಂದು ಬುಟ್ಟು ನಂಗೊಂದ್ ಮಾತು ಹೇಳ್ಲಿಲ್ವಲ್ಲ ಆಚಾರ್ರೆ?"

"ಸಾರಿಗೆ ಉಪ್ಪಾಕಿದೀನಿ ಅಂತ ಅಮ್ಮಾವ್ರು ದಿನಾ ನಿಮ್ಗೆ ಹೇಳ್ತಾರಾ ಸಣ್ಣಯ್ಯ? ಬಾಗ್ಲು ಅಂದ್ಮೇಲೆ ಸಂದು ಇದ್ದೇ ಇರ್ತದೆ."

ಬಿಗಿಯಾಗಿ ಕೂರುವ ಹೊಸ ಬಾಗಿಲು ಮಾಡಿಕೊಡಿ ಎಂದು ಇವನು. ಮಾಡುವುದಿಲ್ಲ ಎಂದು ಅವರು. ತೇವಕ್ಕೆ ಉಬ್ಬಿ ಸಿಕ್ಕಿಹಾಕಿಕೊಂಡರೆ ಚಕ್ರ ಕೆಳಗೆ ಬರುವುದಿಲ್ಲ, ಆಮೇಲೆ ಬಿದ್ದವನ ಹೆಸರಿಗಿಂತ ಮೊದಲು ಬಾಗಿಲು ಮಾಡಿದವನ ಹೆಸರು ಹೇಳುತ್ತಾರೆ ಜನ. ಮಳೆಗಾಲದಲ್ಲಿ ಇದು ಹಾರುವುದೇ ಇಲ್ಲವಲ್ಲ ಎಂದು ಇವನು ಕೂಗಿದ. ಮಳೆ ಹೇಳಿ ಬರುತ್ತದಾ ಎಂದು ಅವರು ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಹೊಸಕೋಟೆಯ ಬಸ್ಸಿಗೆ ನಡೆದೇಬಿಟ್ಟರು. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ, ಅದೇ ತಾಪತ್ರಯ.

ಒಂದು ವಾರ ಕಳೆಯಿತು. ಮಾರನಹಳ್ಳಿಯ ಕಡೆಯಿಂದ ದಿನಾ ಮಧ್ಯಾಹ್ನ ಮೋಡ ಏಳುತ್ತಿತ್ತು, ಸಂಜೆಗೆ ಕರಗುತ್ತಿತ್ತು. ತೋಟದವರೆಲ್ಲ ಕಾಫಿ ಹೂವಿಗೆ ಒಂದು ಮಳೆ ಬರಲಪ್ಪಾ ಎಂದು ಮುಗಿಲು ನೋಡುತ್ತಿದ್ದರು. ಇಡೀ ತಾಲೂಕಿನಲ್ಲಿ ಮಳೆ ಬೇಡ ಎಂದು ಹರಕೆ ಹೊತ್ತವಳು ನಾನೊಬ್ಬಳೇ. ಯಜಮಾನರಿಗೆ ಗೊತ್ತಾಗಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದರು.

ಇದೆಲ್ಲ ಈ ಫೋನಿನಲ್ಲಿ ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಏನನ್ನೂ ಅಳಿಸಿರಲಿಲ್ಲ, ಮುಂದಿನದನ್ನು ಮಾತ್ರ ಎರಡು ಸಲ ಅಳಿಸಿದೆ. ನಾನು ಎರಡು ಸುಳ್ಳು ಹೇಳಿದೆ. ಆಚಾರಿಯವರ ಮನೆಗೆ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಹೋಗಿ, ಮೂರು ತಾಲೂಕು ಹುಡುಕಿದರೂ ನಮ್ಮ ಆಚಾರಿಯಂಥ ಕೈ ಸಿಗುವುದಿಲ್ಲ ಎಂದು ಮೈದುನ ಊಟ ಬಿಟ್ಟು ಕೂತಿದ್ದಾನೆ ಅಂದೆ. ಅವನು ಅವತ್ತು ಮೂರು ಸಲ ಬಡಿಸಿಕೊಂಡು ತಿಂದಿದ್ದ. ಮನೆಗೆ ಬಂದು ಮೈದುನನಿಗೆ, ಸಣ್ಣಯ್ಯ ಹೇಳಿದ್ದೇ ಸರಿ, ನಾನು ದುಡುಕಿದೆ ಎಂದು ಆಚಾರಿ ನೊಂದುಕೊಂಡರು ಅಂದೆ. ಆಚಾರಿ ಹೇಳಿದ್ದು, ಹಣ್ಣು ಇನ್ನೂ ಕಾಯಿ ಐತೆ ಕಣಮ್ಮ ಅಂತ ಮಾತ್ರ.

ಮಾರನೆಯ ದಿನ ಇಬ್ಬರೂ ಹೊಲದಲ್ಲಿ ಸಿಕ್ಕರು. ಎಷ್ಟು ಮರ್ಯಾದೆ! ನೀವು ಹೇಳಿ, ಇಲ್ಲ ನೀವೇ ಹೇಳಿ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದರು. ಆಚಾರಿ ಬಾಗಿಲಿನ ಅಂಚಿಗೆ ತೆಳ್ಳನೆಯ ಪಟ್ಟಿ ಅಂಟಿಸಿ ಸಂದನ್ನು ಅರ್ಧ ಮಾಡಿದರು, ಪೂರ್ತಿ ಮುಚ್ಚಲಿಲ್ಲ. ಮೈದುನ ಲಾರಿ ಟ್ಯೂಬು ಕತ್ತರಿಸಿ ಚೌಕಟ್ಟಿನ ಒಳಸುತ್ತಿಗೆ ರಬ್ಬರಿನ ಅಂಚು ಕೂರಿಸಿದ. ಆಮೇಲೆ ಬಾಗಿಲನ್ನು ಎಳೆಯುವ ಸರಳನ್ನು ಎರಡು ಸುತ್ತು ತಿರುವಿ ಗಿಡ್ಡ ಮಾಡಿದ. ಮುಚ್ಚಿದ ಮೇಲೂ ಬಾಗಿಲನ್ನು ಇನ್ನೊಂಚೂರು ಒಳಕ್ಕೆಳೆದು, ರಬ್ಬರಿಗೆ ಒತ್ತಿ ಹಿಡಿದುಕೊಳ್ಳಲಿ ಅಂತ. ಮರ ಉಬ್ಬಿದರೂ ಸಿಕ್ಕಿಕೊಳ್ಳುವುದಿಲ್ಲ, ಒಣಗಿದರೂ ಸಡಿಲವಾಗುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವನೊಬ್ಬನೇ ಹಾರಿ, ಎರಡು ಸುತ್ತು ಹೊಡೆದು ಇಳಿದ. ಇಳಿಯುವಾಗಲೇ ಹಲ್ಲು ಕಾಣುತ್ತಿತ್ತು. ನಡುಕ ಇಲ್ಲ. ಆಗಲೇ ಪಡುವಣ ಕಪ್ಪಾಗಿತ್ತು, ಗಾಳಿಯಲ್ಲಿ ಮಣ್ಣಿನ ವಾಸನೆ ಇತ್ತು. ಇನ್ನೊಂದು ಸುತ್ತಿಗೆ ಮಾತ್ರ ಹೊತ್ತಿದೆ ಅಂದ. ನಾನು ಯಜಮಾನರ ಸ್ವೆಟರ್ ತೊಟ್ಟು ಎರಡು ಹೆಜ್ಜೆ ಮುಂದೆ ಬಂದೆ.

ಅವನು ನನ್ನನ್ನು ದಾಟಿ ಹೋಗಿ ಆಚಾರಿಯ ಕೈ ಹಿಡಿದುಕೊಂಡ. ಅತ್ತಿಗೆಗೆ ಮಾತು ಕೊಟ್ಟದ್ದು ನಿಜ, ಆದರೆ ನೀವು ಅಷ್ಟು ದೊಡ್ಡವರಾಗಿ ತಪ್ಪು ಒಪ್ಪಿಕೊಂಡಿರಿ, ಈ ಸೀಟು ನಿಮ್ಮದು ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ಆಚಾರಿ ನನ್ನ ಮುಖ ನೋಡಿದರು. ನಾನು ವಿಮಾನದ ಮುಖ ನೋಡಿದೆ.

ಸುಮ್ಮನಿದ್ದಿದ್ದರೆ ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುತ್ತಿದ್ದೆ. ಆದರೆ ನಾಲ್ಕು ವರ್ಷ ಕಾದಿದ್ದೆ, ಅವತ್ತು ಮಳೆ ಬಿದ್ದರೆ ನಾಳೆಯೇ ಟ್ರ್ಯಾಕ್ಟರ್ ಬರುವುದಿತ್ತು.

"ಅವ್ರು ಒಪ್ಕೊಂಡಿಲ್ಲ ಕಣೋ. ಅವ್ರಂಥ ಕೈ ಸಿಗಲ್ಲ ಅಂತ ನೀನೂ ಹೊಗಳಿಲ್ಲ. ಎರಡೂ ನಾನೇ ಹೇಳಿದ್ ಸುಳ್ಳು," ಅಂದುಬಿಟ್ಟೆ.

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಯಜಮಾನರು, ಇವಳು ನನಗೆ ಹೇಳುವುದೆಲ್ಲ ಎಷ್ಟು ನಿಜವೋ ಎಂದು ನನ್ನ ಅಣ್ಣನಿಗೆ ಹೇಳಿದ್ದು ಕೇಳಿತು.

ಆಚಾರಿ ಮೀಸೆಯ ಮೇಲೆ ಕೈಯಾಡಿಸಿದರು. "ನಂಗೊತ್ತಿತ್ತು ಕಣಮ್ಮ. ಸಣ್ಣಯ್ಯ ಊಟ ಬುಡೋ ಪೈಕಿನಾ? ಆದ್ರೂ ಕೇಳಾಕೆ ಚೆನ್ನಾಗಿತ್ತು."

ಮೈದುನ ಹಿಡಿದ ಕೈ ಬಿಡದೆ, "ಅತ್ಗೆ ಹೇಳಿದ್ದು ಸುಳ್ಳು ಆಚಾರ್ರೆ. ಆದ್ರೆ ನಿಮ್ ಕೈ ಬಗ್ಗೆ ಹೇಳಿದ್ ಮಾತು ಸುಳ್ಳಲ್ಲ," ಅಂದ. ಬನ್ನಿ, ಹತ್ತಿ ಎಂದು ಮತ್ತೆ ಕರೆದ.

ಆಚಾರಿ ಹಿಂದೆ ಸರಿದರು. "ಅಮ್ಮಾವ್ರನ್ನೇ ಕರ್ಕೊಂಡೋಗಿ. ನಾನು ಮೇಲ್ ಕೂತ್ರೆ ಬಾಗ್ಲು ಹೆಂಗ್ ಮುಚ್ಕಂತದೆ ಅಂತ ನೋಡೋರ್ಯಾರು?"

ನಾನು ಇನ್ನೊಂದು ಸಲ ಹೇಳಿಸಿಕೊಳ್ಳಲಿಲ್ಲ. ಹತ್ತಿ, ಪಟ್ಟಿ ಬಿಗಿಸಿಕೊಂಡು ಕೂತೆ. ನೆಲ ಓಡಿತು, ಕುಲುಕಿತು, ಆಮೇಲೆ ಕುಲುಕುವುದು ನಿಂತಿತು. ಹೊಸಕೋಟೆಯ ಬಸ್ಸು ಬೆಂಕಿಪೊಟ್ಟಣದಷ್ಟಾಗಿ ನಮ್ಮ ಕೆಳಗೇ ಹೋಗುತ್ತಿತ್ತು. ಮೈದುನ ಚಕ್ರ ಮಡಚಿದ. ಕೆಳಗೆ ಟಪ್ ಟಪ್ ಎಂದು ಎರಡು ಸದ್ದಾಯಿತು. ವೇಗ ಹೆಚ್ಚಿಸಿ, ಹಿಮ್ಮಡಿಯನ್ನು ಹಲಗೆಗೆ ಒತ್ತಿ ಹಿಡಿಯಲು ಹೇಳಿದ.

"ನಡುಕ ಐತಾ ಅತ್ಗೆ?"

"ಐತೆ," ಅಂದೆ.

ಅವನ ಕೈ ಸರ್ರನೆ ವೇಗ ತಗ್ಗಿಸುವ ಲಿವರಿನ ಕಡೆ ಹೋಯಿತು.

"ಬಾಗ್ಲುದ್ದಲ್ಲ ಕಣೋ ಮಾರಾಯ, ನನ್ ಕಾಲಿಂದು."

ಅವನು ನಗುತ್ತಾ ವಿಮಾನವನ್ನು ಹೊಲದ ಕಡೆಗೆ ತಿರುಗಿಸಿದ. ನಾನು ಎರಡೂ ಕೈಯಲ್ಲಿ ಮಂಡಿ ಅದುಮಿ ಹಿಡಿದು ಇನ್ನೊಂದು ಸಲ ಹಿಮ್ಮಡಿ ಊರಿದೆ. ಹಲಗೆ ಸುಮ್ಮನಿತ್ತು. ಕೆಳಗೆ ಹೊಲದ ನಡುಮಧ್ಯದಲ್ಲಿ ಯಾರೋ ಕೈಕಾಲು ಚಾಚಿ ಅಂಗಾತ ಬಿದ್ದಿರುವುದು ಕಂಡಿತು. ಹತ್ತಿರ ಬಂದಾಗ ನೋಡಿದರೆ ಆಚಾರಿ. ವಿಮಾನದ ಹೊಟ್ಟೆಯ ಬಾಗಿಲು ಸರಿಯಾಗಿ ಕಾಣಲೆಂದು ಮಲಗಿಕೊಂಡು, ಎರಡೂ ಕೈಯನ್ನು ಹಣೆಗೆ ಅಡ್ಡ ಹಿಡಿದು, ನಾವು ಹಾದು ಹೋಗುವ ತನಕ ನೋಡುತ್ತಲೇ ಇದ್ದರು.